ಗೊಂಬೆ ಕೂರಿಸಿದ ಮನೆ

ಕೀಲಿ ಒಳಗೆ ಹೋಯಿತು, ತಿರುಗಲಿಲ್ಲ. ಹೊರಗೆ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿದೆ. ಆಗಲೂ ಅಷ್ಟೇ. ಕಾಂದಿವಲಿಯ ಎರಡನೇ ಮಹಡಿಯ ಆ ಬಾಗಿಲು ನನ್ನದು. ನಾನೂ ನನ್ನ ಯಜಮಾನರೂ ವರ್ಷಾನುಗಟ್ಟಲೆ ಕಂತು ಕಟ್ಟಿ ಕೊಂಡ ಒಂದು ರೂಮು, ಒಂದು ಅಡುಗೆಮನೆ. ತೀರಿಹೋದ ಅವರ ಹೆಸರಿನ ಹಿತ್ತಾಳೆ ಫಲಕ ಬಾಗಿಲ ಮೇಲೆ ಹಾಗೇ ಇತ್ತು. ಬೀಗ ಮಾತ್ರ ಹೊಸದು.

ಬೆಲ್ ಒತ್ತಿದೆ. ಸರಪಳಿ ಬಿಟ್ಟಷ್ಟೇ ಅಗಲಕ್ಕೆ ಬಾಗಿಲು ತೆರೆದು, ಆ ಸಂದಿಯಲ್ಲಿ ಟೀಚರ್ ಮುಖ ಕಾಣಿಸಿತು.

"ಬೀಗ ಕೆಟ್ಟಿತ್ತು ಸಿಸ್ಟರ್. ಬದಲಾಯಿಸಿದೆ."

"ಒಳ್ಳೆಯದಾಯ್ತು. ಒಂದು ಕೀಲಿ ನನಗೆ ಕೊಡಿ."

"ಬೀಗದವನು ಎರಡೇ ಕೊಟ್ಟ. ಒಂದು ನನ್ನ ಹತ್ರ ಇದೆ, ಇನ್ನೊಂದು ನಮ್ಮಣ್ಣನ ಮಗನ ಹತ್ರ."

"ಸರಿ, ಒಳಗೆ ಬರ್ತೀನಿ. ಸರಪಳಿ ತೆಗೀರಿ."

"ಇವತ್ತು ಬೇಡ ಸಿಸ್ಟರ್. ಮೈ ಸರಿಯಿಲ್ಲ. ಪಿತೃಪಕ್ಷ ಬೇರೆ ನಡೀತಿದೆ."

ಬಾಗಿಲು ಮೆಲ್ಲಗೆ ಮುಚ್ಚಿತು. ಒಳಗೆ ಕುಕ್ಕರ್ ಕೂಗುತ್ತಿತ್ತು. ಸಾರಿನ ಒಗ್ಗರಣೆಯ ವಾಸನೆ ಹೊರಗಿನವರೆಗೆ ಬಂದಿತ್ತು. ಮೈ ಸರಿಯಿಲ್ಲದವರು ಮಾಡುವ ಅಡುಗೆ ಅದಲ್ಲ. ನನ್ನದೇ ಮನೆಯ ಹೊಸಿಲಿನ ಹೊರಗೆ, ಕೆಲಸಕ್ಕೆ ಬಾರದ ಕೀಲಿ ಹಿಡಿದುಕೊಂಡು ನಾನು ನಿಂತಿದ್ದೆ.

ನಾನು ಮುನಿಸಿಪಾಲಿಟಿಯ ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ, ವಾರ್ಡಿನ ಮೇಲ್ವಿಚಾರಣೆಯ ಸಿಸ್ಟರ್ ಆಗಿ ನಿವೃತ್ತಳಾದವಳು. ನಸುಕಿನಲ್ಲಿ ಏಳುವುದು, ನಲ್ಲಿ ನೀರು ಬರುವ ಮೊದಲು ಒಲೆ ಒರೆಸಿರುವುದು, ಹೊರಡುವ ಮೊದಲು ಹಾಸಿಗೆಯ ಚಾದರದ ಮೂಲೆಗಳನ್ನು ಮಡಚಿ ಬಿಗಿಯುವುದು, ಇವನ್ನು ಹಾಸ್ಟೆಲಿನಲ್ಲಿ ಕಲಿಸಿದ್ದರು. ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ. ಇನ್ನೊಂದನ್ನೂ ಕಲಿಸಿದ್ದರು, ಚಾರ್ಜ್ ಕೊಡುವುದು. ಪಾಳಿ ಬದಲಾಗುವಾಗ ಹೋಗುವವಳೂ ಬರುವವಳೂ ಒಟ್ಟಿಗೆ ಒಂದೊಂದು ಹಾಸಿಗೆಯ ಪಕ್ಕ ನಿಲ್ಲಬೇಕು. ಈ ರೋಗಿಗೆ ಏನು ಕೊಟ್ಟಾಗಿದೆ, ಏನು ಬಾಕಿ ಇದೆ, ಯಾರು ರಾತ್ರಿಯೆಲ್ಲ ನರಳಿದರು, ಎಲ್ಲವನ್ನೂ ಹೇಳಿ ಒಪ್ಪಿಸಬೇಕು. ಬದಲಿ ಬಾರದಿದ್ದರೆ ಹೊರಡುವಂತಿಲ್ಲ. ಮನೆಯಲ್ಲಿ ಮಗು ಅಳುತ್ತಿದ್ದರೂ ನಿಲ್ಲಬೇಕು.

ಇಷ್ಟು ಕಟ್ಟುನಿಟ್ಟಿನವಳು ನಾನು, ಕಾಂದಿವಲಿಯ ಮನೆಯನ್ನು ಮಾತ್ರ ಒಂದು ಚೀಟಿಯೂ ಇಲ್ಲದೆ ಒಪ್ಪಿಸಿಬಿಟ್ಟಿದ್ದೆ. ಡ್ಯೂಟಿಗೆ ಹತ್ತಿರವೆಂದು ನಾವು ಕೊನೆಯವರೆಗೂ ಚೆಂಬೂರಿನ ಹಳೆಯ ಬಾಡಿಗೆ ಮನೆಯಲ್ಲೇ ಇದ್ದೆವು. ಕಾಂದಿವಲಿಯದು ಮುಂದಕ್ಕಿರಲಿ ಎಂದು ಮುಚ್ಚಿಟ್ಟಿದ್ದ ಮನೆ. ಟೀಚರ್ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಮದುವೆಯಾಗಲಿಲ್ಲ. ವಿಕ್ರೋಳಿಯ ಕಂಪನಿ ಕ್ವಾರ್ಟರ್ಸಿನಲ್ಲಿ ಅಣ್ಣನ ಜೊತೆ ಇದ್ದರು. ಅಣ್ಣ ತೀರಿಕೊಂಡ ಮೇಲೆ ಕ್ವಾರ್ಟರ್ಸ್ ಬಿಡಬೇಕಾಗಿ ಬಂತು. ವಿಕ್ರೋಳಿಯಲ್ಲೇ ಬೇರೆ ಸಣ್ಣ ಮನೆಯಲ್ಲಿದ್ದ ಅಣ್ಣನ ಮಗ ಸ್ವಲ್ಪ ದೊಡ್ಡದು ಹಿಡಿಯುವವರೆಗೆ ಅವರಿಗೊಂದು ಸೂರು ಬೇಕಾಗಿತ್ತು. ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದಾಗ ಹೇಳಿದರು. ನಾನು ಪಾಯಸ ಮುಗಿಸುವಷ್ಟರಲ್ಲಿ ಕೀಲಿ ಕೊಡುತ್ತೇನೆಂದಿದ್ದೆ. ಎದುರು ಕೂತಿದ್ದ ಒಬ್ಬರು, "ಮುಂಬಯಿಯಲ್ಲಿ ಲೈಸೆನ್ಸ್ ಅಗ್ರಿಮೆಂಟ್ ಇಲ್ದೆ ಕೊಡಬೇಡಿ ಸಿಸ್ಟರ್" ಎಂದಾಗ ನಾವಿಬ್ಬರೂ ನಕ್ಕಿದ್ದೆವು. ನಾನು ಮಂಡ್ಯದ ಕಡೆಯವಳು, ಅವರು ಮೈಸೂರಿನವರು. ನಮ್ಮ ನಮ್ಮಲ್ಲಿ ಕಾಗದ ಕೇಳುವುದೆಂದರೆ ಉಂಡ ಎಲೆಯ ಮುಂದೆ ಬಿಲ್ಲು ಇಟ್ಟ ಹಾಗೆ. ಮೂರು ತಿಂಗಳು ಎಂದಿದ್ದರು. ವರ್ಷಗಳಾದವು. ನನಗೂ ಮನೆಯ ಅಗತ್ಯವಿರಲಿಲ್ಲ, ಕೇಳಲಿಲ್ಲ.

ಅಗತ್ಯ ಬಂದದ್ದು ಚೆಂಬೂರಿನ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುತ್ತೇವೆಂದು ಬಿಲ್ಡರ್ ಬಂದಾಗ. ಬಾಡಿಗೆದಾರರೆಲ್ಲ ಸಹಿ ಹಾಕಿದರು, ನಾನೂ ಹಾಕಿದೆ. ನನಗೆ ಬೇರೆ ಕಡೆ ನನ್ನದೇ ಮನೆಯಿದೆ, ಹೊಸದು ಏಳುವವರೆಗೆ ಅಲ್ಲಿರುತ್ತೇನೆ ಎಂದು ಹೆಮ್ಮೆಯಿಂದ ಹೇಳಿದೆ. ಆಷಾಢದಲ್ಲಿ ಟೀಚರಿಗೆ ಫೋನ್ ಮಾಡಿದೆ.

"ಖಂಡಿತ ಬಿಡ್ತೀನಿ ಸಿಸ್ಟರ್. ಆದ್ರೆ ಆಷಾಢದಲ್ಲಿ ಯಾರಾದ್ರೂ ಮನೆ ಬದಲಾಯಿಸ್ತಾರಾ? ನೀವೇ ಹೇಳಿ."

ಬದಲಾಯಿಸುವುದಿಲ್ಲ. ನನಗೂ ಗೊತ್ತು. ಶ್ರಾವಣದಲ್ಲಿ ಕೇಳಿದರೆ, ಮಂಗಳವಾರ ಶುಕ್ರವಾರ ಮನೆಯಿಂದ ಸಾಮಾನು ಹೊರಗೆ ಹೋಗಬಾರದು, ಉಳಿದ ದಿನ ಮಳೆ ಬಿಡುತ್ತಿಲ್ಲ ಎಂದರು. ಭಾದ್ರಪದದಲ್ಲಿ ಗೌರಿ ಗಣೇಶ. ಗಣಪತಿ ಮುಳುಗಿಸಿದ ಮೇಲೆ ಪಿತೃಪಕ್ಷ. "ಪಕ್ಷದಲ್ಲಿ ಗಂಟುಮೂಟೆ ಕಟ್ಟೋದು ಬೇಡ ಸಿಸ್ಟರ್. ಅಮಾವಾಸ್ಯೆ ಕಳೀಲಿ." ನನ್ನ ತಾಯಿ ಇದ್ದಿದ್ದರೆ ಇದನ್ನೇ ಹೇಳುತ್ತಿದ್ದರು. ನಾನು ವಕೀಲರನ್ನು ಹುಡುಕುತ್ತಿದ್ದೆ, ಅವರಿಗೆ ಪಂಚಾಂಗವೇ ವಕೀಲ.

ಅಷ್ಟರಲ್ಲಿ ಚೆಂಬೂರಿನ ಬಿಲ್ಡಿಂಗ್ ಖಾಲಿಯಾಗುತ್ತ ಬಂತು. ಒಂದು ಮನೆ ಖಾಲಿಯಾದ ಕೂಡಲೇ ಬಿಲ್ಡರಿನ ಆಳುಗಳು ಬಂದು ಅದರ ಬಾಗಿಲು, ಕಿಟಕಿ, ನಲ್ಲಿ ಎಲ್ಲವನ್ನೂ ಕಿತ್ತುಕೊಂಡು ಹೋಗುತ್ತಿದ್ದರು. ಯಾರೂ ತಿರುಗಿ ಬಂದು ಕೂರಬಾರದೆಂದು ಹಾಗೆ. ಮೇಲೆ, ಕೆಳಗೆ, ಎದುರಿಗೆ ಬಾಯಿ ತೆರೆದ ಗೋಡೆಗಳು. ಪಾರಿವಾಳಗಳು ಅಡುಗೆ ಕಟ್ಟೆಗಳ ಮೇಲೆ ಓಡಾಡುತ್ತಿದ್ದವು. ಲಿಫ್ಟ್ ನಿಂತಿತು. ನೀರು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ. ಆ ಬಿಲ್ಡಿಂಗಿನಲ್ಲಿ ದೀಪ ಹತ್ತುತ್ತಿದ್ದದ್ದು ನನ್ನೊಬ್ಬಳ ಕಿಟಕಿಯಲ್ಲಿ. ಬೇರೆ ಬಾಡಿಗೆ ಮನೆ ಹುಡುಕಿದೆ. ಒಂಟಿ ಮುದುಕಿಗೆ ಕೊಡಲು ಯಾವ ಬ್ರೋಕರನೂ ಮುಂದೆ ಬರಲಿಲ್ಲ. "ಆಂಟಿ, ಆಪ್ ಕೋ ಕುಛ್ ಹೋ ಗಯಾ ತೋ?" ನಿಮಗೇನಾದರೂ ಆಗಿಬಿಟ್ಟರೆ ಎಂದು ಒಬ್ಬ ನೇರವಾಗಿ ಕೇಳಿದ.

ಬಿಲ್ಡರಿನ ಮ್ಯಾನೇಜರ್, ಇಸ್ತ್ರಿ ಮುರಿಯದ ಶರ್ಟಿನ ಹುಡುಗ, ಮೆಟ್ಟಿಲು ಹತ್ತಿ ಬಂದ.

"ಮೇಡಮ್, ಬುರಾ ಮತ್ ಮಾನಿಯೇ. ದಸರೆ ಕೆ ದೂಸ್ರೇ ದಿನ್ ತಕ್ ಟೈಮ್ ಹೈ. ಉಸ್ ಕೆ ಬಾದ್ ಆಪ್ ಟೆನೆಂಟ್ ನಹೀ. ಸ್ಕ್ವಾಟರ್."

ದಸರೆಯ ಮಾರನೆಯ ದಿನದವರೆಗೆ ನಾನು ಬಾಡಿಗೆದಾರಳು, ಆಮೇಲೆ ಸ್ಕ್ವಾಟರ್. ಮಗ ಹುಟ್ಟುವ ಮೊದಲೇ ಹೆಸರಿಟ್ಟ ಹಾಗೆ ನನಗೊಂದು ಹೆಸರು ತಯಾರಾಗಿತ್ತು. ಅದೇ ವಾರ ನಾನೇ ವಕೀಲರ ಮುಂದೆ ಕೂತು ಟೀಚರ್ ಬಗ್ಗೆ ಆ ಮಾತನ್ನು ಬಳಸಿದ್ದೆ.

ವಕೀಲರು ಧಾರವಾಡದ ಕಡೆಯವರು. ಕೋರ್ಟಿನ ಹೊರಗಿನ ಮರದ ಕೆಳಗೆ ಮೇಜು ಹಾಕಿಕೊಂಡಿದ್ದರು.

"ಅಲ್ಲ್ರೀ ಸಿಸ್ಟರ್, ಆಕಿ ಸ್ಕ್ವಾಟರ್ ಹೆಂಗಾಕ್ಕಾಳ್ರಿ? ಕೀಲಿ ನೀವ ಕೊಟ್ಟೀರಿ. ಹೇಳದ ಕೇಳದ ಹೊಕ್ಕು ಕುಂತವ್ರು ಸ್ಕ್ವಾಟರ್. ಈಕಿ ಕರದಾಗ ಬಂದಾಕಿ."

"ಈಗ ಹೋಗಿ ಅಂದರೂ ಹೋಗ್ತಾ ಇಲ್ಲವಲ್ಲ?"

"ಹಾಂ, ಅಲ್ಲಿಂದ ಮುಂದ ಬ್ಯಾರೆ ಆತ್ರಿ. ಕುಂತದ್ದ ಅದ ಖೋಲ್ಯಾಗ, ಅದ ಮನಶ್ಯಾಳು. ನಿಮ್ಮ ಒಂದ ಮಾತಿನಿಂದ ಹೆಸರ ಬದಲಾತು." ಅವರು ಕನ್ನಡಕ ಒರೆಸಿಕೊಂಡರು. "ಕೇಸ್ ಹಾಕೂಣು. ಆದ್ರ ಇದು ಮುಂಬಯಿ. ಮುಗಿಯೂ ಹೊತ್ತಿಗೆ ನಾವಿಬ್ಬರೂ ಇರ್ತೀವೋ ಇಲ್ಲೋ. ಅದಕ್ಕ ಒಂದ ಮಾತ ಹೇಳ್ತೀನಿ. ಬಾಗಿಲಾ ಮುರೀಬ್ಯಾಡ್ರಿ, ಗೂಂಡಾಗೋಳನ್ನ ಕರಕೊಂಡ ಹೋಗಬ್ಯಾಡ್ರಿ. ಆಕಿ ತಾನಽ ತನ್ನ ಕೈಯಿಂದ ಬಾಗಿಲಾ ತಗೀಬೇಕು. ನೀವು ಒಳಗ ಹೋಗಬೇಕು. ಹೋದಮ್ಯಾಲ ಹೊರಗ ಬರಬಾರದು."

"ಅವರು ಸರಪಳಿಯನ್ನೇ ತೆಗೆಯೋದಿಲ್ಲ."

"ಅದಕ್ಕ ನನ್ನ ಕಡೆ ಕಾಯ್ದೆ ಇಲ್ರಿ" ಎಂದು ನಕ್ಕರು.

ರೈಲಿನಲ್ಲಿ ಕೂತು ಆ ಪದವನ್ನೇ ತಿರುವಿ ಹಾಕಿದೆ. ಇಂಗ್ಲಿಷಿನಲ್ಲಿ ಅದರ ಮೂಲ ಕುಕ್ಕರಗಾಲಲ್ಲಿ ಕೂರುವುದು. ವಾರ್ಡಿನಲ್ಲಿ ಭೇಟಿಯ ವೇಳೆ ಮುಗಿದ ಮೇಲೂ ರೋಗಿಯ ಮಂಚದ ಹಿಂದೆ ಹಾಗೆ ಕೂತಿರುತ್ತಿದ್ದ ತಾಯಂದಿರನ್ನು ನಾನೇ ಎಬ್ಬಿಸಿ ಕಳಿಸಿದ್ದೇನೆ. ಅವರು ನೆಲಕ್ಕೆ ಮೈ ತಾಗಿಸುತ್ತಿರಲಿಲ್ಲ. ಏಳು ಎಂದರೆ ಏಳಲು ಸಿದ್ಧವಾಗಿಯೇ ಕೂತಿರುತ್ತಿದ್ದರು. ನಮ್ಮ ಪತ್ರಿಕೆಗಳು ಬರೆಯುವ 'ಅತಿಕ್ರಮಣದಾರ' ಎನ್ನುವುದರಲ್ಲಿ ಆ ಭಯವಿಲ್ಲ, ಬರೀ ದಾಳಿಯಿದೆ. ಮುಂಬಯಿಯವರ ಬಾಯಲ್ಲಿ ಅದು 'ಕಬ್ಜಾ', ಮುಷ್ಟಿ ಬಿಗಿದ ಹಾಗೆ. ನನ್ನ ತಾಯಿ ಹೋಗದ ನೆಂಟರಿಗೆ 'ಝಂಡಾ ಊರಿದ್ದಾರೆ' ಎನ್ನುತ್ತಿದ್ದರು. ಹೇಳುವಾಗ ಬೈಗುಳವೂ ಇರುತ್ತಿತ್ತು, ಅವರ ಪಾಲಿನ ಅಕ್ಕಿಯನ್ನು ಅಳೆದು ಹಾಕುವುದೂ ನಡೆಯುತ್ತಿತ್ತು. ಟೀಚರಿಗೆ ಇವುಗಳಲ್ಲಿ ಯಾವುದು ಹೊಂದುತ್ತದೆಂದು ನನಗೆ ತಿಳಿಯಲಿಲ್ಲ. ನನಗೆ ಯಾವುದು ಹೊಂದುತ್ತದೆಂದು ಯೋಚಿಸಲು ಧೈರ್ಯವಾಗಲಿಲ್ಲ.

ಅಮಾವಾಸ್ಯೆ ಕಳೆಯಿತು. ಪಾಡ್ಯದ ಬೆಳಿಗ್ಗೆ ಅವರೇ ಫೋನ್ ಮಾಡಿದರು.

"ಸಿಸ್ಟರ್, ಗೊಂಬೆ ಕೂರಿಸಿಬಿಟ್ಟೆ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ನಮ್ಮಮ್ಮನ ಪಟ್ಟದ ಗೊಂಬೆ. ಒಂದು ವರ್ಷವೂ ತಪ್ಪಿಸಿಲ್ಲ. ಕೂರಿಸಿದ ಮೇಲೆ ದಶಮಿಯವರೆಗೆ ಅಲ್ಲಾಡಿಸೋ ಹಾಗಿಲ್ಲ. ನಿಮಗೆ ಗೊತ್ತಲ್ಲ."

ಗೊತ್ತಿತ್ತು. ನವರಾತ್ರಿಗೆ ರಾಜ ರಾಣಿಯ ಮರದ ಗೊಂಬೆಗಳಿಗೆ ಹೊಸ ಬಟ್ಟೆ ತೊಡಿಸಿ, ಕಳಶದ ಪಕ್ಕ ಮೆಟ್ಟಿಲ ಮೇಲೆ ಕೂರಿಸಿದರೆ ಅವು ಪಟ್ಟಕ್ಕೆ ಕೂತ ಹಾಗೆ. ವಿಜಯದಶಮಿಯಂದು ಆರತಿ ಎತ್ತಿ ಮಲಗಿಸುವವರೆಗೆ ಮುಟ್ಟುವುದಿಲ್ಲ. ಪೊಲೀಸರು ಬಂದರೂ ಆ ಮೆಟ್ಟಿಲನ್ನು ಸರಿಸಲು ನಾನೇ ಬಿಡಲಾರೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ದಶಮಿಯ ಮಾರನೆಯ ದಿನ ನನ್ನ ಗಡುವು. ಅದಾದ ಮೇಲೆ ದೀಪಾವಳಿ, ತುಳಸಿ ಹಬ್ಬ, ಧನುರ್ಮಾಸ. ಪಂಚಾಂಗದಲ್ಲಿ ಹಾಳೆಗಳಿಗೆ ಬರವಿಲ್ಲ.

ಫೋನ್ ಇಟ್ಟು ಸೀರೆ ಮಡಚುತ್ತ ಕೂತೆ. ಕೈ ಕೆಲಸ ಮಾಡುವಾಗ ನನಗೆ ತಲೆ ಚೆನ್ನಾಗಿ ಓಡುತ್ತದೆ. ಮೂರನೆಯ ಸೀರೆಗೆ ಹೊಳೆಯಿತು. ಟೀಚರ್ ಒಂದು ವಿಷಯ ಮರೆತಿದ್ದರು. ಗೊಂಬೆ ಕೂರಿಸಿದ ಮನೆಯವರು ಬಾಗಿಲಿಗೆ ಸರಪಳಿ ಹಾಕುವ ಹಾಗಿಲ್ಲ. ನಮ್ಮ ಬೀದಿಯಲ್ಲಿ ನಾವು ಮಕ್ಕಳು ಗುರುತಿಲ್ಲದ ಮನೆಗಳಿಗೂ ನುಗ್ಗಿ, "ಗೊಂಬೆ ಕೂರ್ಸಿದ್ದೀರಾ?" ಎಂದು ಕೇಳುತ್ತಿದ್ದೆವು. ಜಗಳವಾಗಿ ಮಾತು ಬಿಟ್ಟವರು ಬಂದರೂ ಒಳಗೆ ಕರೆದು, ಕೂರಿಸಿ, ಕೈಗೆ ತಿಂಡಿ ಕೊಟ್ಟೇ ಕಳಿಸಬೇಕು. ಗೊಂಬೆ ನೋಡಲು ಬಂದವರನ್ನು ತಿರುಗಿಸಿ ಕಳಿಸಿದ ಮನೆಯನ್ನು ನಾನು ಕಂಡಿಲ್ಲ.

ಡ್ಯೂಟಿಯ ಕಾಲದ ನನ್ನ ಚಿಕ್ಕ ಸೂಟ್‌ಕೇಸ್ ತೆಗೆದೆ. ಸೀರೆ, ಟವೆಲು, ಸೋಪು, ಬಿಪಿ ಮಾತ್ರೆ, ನನ್ನ ಲೋಟ. ಬರಿಗೈಯಲ್ಲಿ ಹೋಗಬಾರದೆಂದು ಹಣ್ಣು, ಹೂವು, ತೆಂಗಿನಕಾಯಿ ಕೊಂಡೆ. ಕುರ್ಲಾದಲ್ಲಿ ಬದಲಿಸಿ, ದಾದರಿನಲ್ಲಿ ಬದಲಿಸಿ, ಮಡಿಲಲ್ಲಿ ಸೂಟ್‌ಕೇಸ್ ಇಟ್ಟುಕೊಂಡು ಕಾಂದಿವಲಿಯವರೆಗೆ ನೆಟ್ಟಗೆ ಕೂತು ಹೋದೆ.

ಬಾಗಿಲ ಮುಂದೆ ರಂಗೋಲಿ. ನೆಲ ಅಂತಸ್ತಿನ ಗುಜರಾತಿ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದರು. ಬೆಲ್ ಒತ್ತಿದೆ. ಅದೇ ಸಂದಿ, ಅದೇ ಮುಖ.

"ಗೊಂಬೆ ನೋಡೋಕೆ ಬಂದಿದ್ದೀನಿ, ಟೀಚರ್."

ಅವರ ಕಣ್ಣು ಹಣ್ಣಿನ ಚೀಲಕ್ಕೆ ಹೋಯಿತು, ಅಲ್ಲಿಂದ ಸೂಟ್‌ಕೇಸಿಗೆ ಇಳಿದು ಅಲ್ಲೇ ನಿಂತಿತು. ಹಿಂದಿನಿಂದ ಗುಜರಾತಿ ಅಜ್ಜಿ, "ಖೋಲೋ ನಾ ಬೆನ್, ಬಚ್ಚೀ ಕೋ ದೇಖ್ನಾ ಹೈ" ಎಂದರು. ಸರಪಳಿ ಸರಿಯುವ ಸದ್ದು ಕೇಳಿಸಿತು.

ಒಳಗೆ ನನ್ನ ಮನೆ ನನಗೇ ಗುರುತು ಹತ್ತಲಿಲ್ಲ. ಗೋಡೆಗೆ ತಿಳಿ ಹಳದಿ ಬಣ್ಣ ಬಂದಿತ್ತು. ಕಿಟಕಿಯಲ್ಲಿ ದೊಡ್ಡಪತ್ರೆಯ ಕುಂಡ. ಗೋಡೆಗೆ ತಾಗಿ ಬಿಳಿ ಪಂಚೆ ಹಾಸಿದ ಮೆಟ್ಟಿಲು, ಮೇಲೆ ರಾಜ ರಾಣಿ, ಕೆಳಗೆ ಅಂಗಡಿ ಇಟ್ಟುಕೊಂಡ ಶೆಟ್ಟಿ ಶೆಟ್ಟಮ್ಮ. ಅವರ ಮುಂದೆ ಅಕ್ಕಿ, ಬೇಳೆ, ಬೆಲ್ಲದ ಪುಟ್ಟ ರಾಶಿಗಳು. ಟೀಚರ್ ಅಜ್ಜಿಗೆ ಅರಿಸಿನ ಕುಂಕುಮ ಕೊಟ್ಟು ನನ್ನ ಕಡೆ ತಿರುಗಿದರು. ಬಟ್ಟಲು ಹಿಡಿದ ಕೈ ನಿಂತಿತು. ಗಂಡ ತೀರಿಹೋದವಳು ನಾನು. ಮನಸ್ಸು ಮಾಡಿದ್ದರೆ ಆ ನೆಪದಲ್ಲಿ ನನ್ನನ್ನು ಬಾಗಿಲ ಬಳಿಯೇ ತಡೆಯಬಹುದಾಗಿತ್ತು. ಶಾಸ್ತ್ರ ಬಲ್ಲವರು, ಹೊಳೆದಿರಲಿಕ್ಕಿಲ್ಲ ಎಂದು ನಾನು ನಂಬುವುದಿಲ್ಲ. ಅವರು ಬಟ್ಟಲನ್ನು ನನ್ನ ಮುಂದೆ ಚಾಚಿದರು. ನಾನು ಬೆರಳದ್ದಿ ಇಟ್ಟುಕೊಂಡೆ.

ಅಜ್ಜಿ, ಮೊಮ್ಮಗಳು ರವೆ ಉಂಡೆ ತಿಂದು ಹೊರಟರು. ಟೀಚರ್ ಬಾಗಿಲು ತೆರೆದು ಹಿಡಿದುಕೊಂಡೇ ನಿಂತರು.

"ಕತ್ತಲಾಗ್ತಾ ಇದೆ ಸಿಸ್ಟರ್. ಚೆಂಬೂರು ದೂರ."

"ನಾನು ಚೆಂಬೂರಿಗೆ ಹೋಗ್ತಾ ಇಲ್ಲ."

"ಗೊಂಬೆ ನೋಡೋಕೆ ಬಂದೋರು ನೋಡಿಕೊಂಡು ಹೊರಡಬೇಕು."

"ನೋಡಿ ಮುಗಿದಿಲ್ಲ, ಟೀಚರ್."

ಅವರು ಬಾಗಿಲು ಮುಚ್ಚಿದರು. ದಿವಾನದ ಮೇಲೆ ಅವರು, ಕೆಳಗೆ ಚಾಪೆಯ ಮೇಲೆ ನಾನು. ನಮ್ಮಿಬ್ಬರ ನಡುವೆ ಕಳಶದ ದೀಪ.

ಮುಂದಿನ ದಿನಗಳಲ್ಲಿ ನಾವಿಬ್ಬರೂ ಹೊಸಿಲು ದಾಟಲಿಲ್ಲ. ನಾನು ಹೊರಗೆ ಹೋದರೆ ಅವರು ಒಳಗಿನಿಂದ ಅಗಳಿ ಹಾಕುತ್ತಾರೆಂಬ ಭಯ ನನಗೆ. ಅವರಿಗೂ ಅದೇ ಭಯ. ಹಾಲು ಬಾಗಿಲಿಗೆ ಬರುತ್ತಿತ್ತು, ತರಕಾರಿಗೆ ಕಿಟಕಿಯಿಂದ ಕೂಗುತ್ತಿದ್ದೆವು. ಕಸದ ಬುಟ್ಟಿಯನ್ನು ಹೊರಗಿಡಲು ಒಬ್ಬರು ಹೋದರೆ ಇನ್ನೊಬ್ಬರು ಅಡುಗೆಮನೆಯಿಂದ ಇಣುಕುತ್ತಿದ್ದರು. ಒಂದು ಸಂಜೆ ಆರತಿಗೆ ಹೂವು ಮುಗಿದಿತ್ತು.

"ಮೂಲೆಯಲ್ಲೇ ಹೂವಿನವಳು ಕೂರ್ತಾಳೆ. ನೀವು ಹೋಗಿ ಬನ್ನಿ" ಎಂದರು ಟೀಚರ್.

"ನನಗೆ ಮಂಡಿ ನೋವು. ನೀವೇ ಹೋಗಿ."

"ನನಗೂ ಇದೆ ಮಂಡಿ."

ಕೊನೆಗೆ ಅವರು ಕುಂಡದ ದೊಡ್ಡಪತ್ರೆ ಎಲೆ ಕಿತ್ತು ರಾಜ ರಾಣಿಗೆ ಇಟ್ಟರು. "ಇವರಿಗೂ ಶೀತ ಆಗಿರಬಹುದು ಬಿಡಿ" ಎಂದೆ. ಅವರ ತುಟಿಯ ತುದಿ ಅಲುಗಿತು. ಕೂಡಲೇ ಮುಖ ತಿರುಗಿಸಿಕೊಂಡರು.

ಸುಮ್ಮನೆ ಕೂತಿರಲು ನನಗೆ ಬರುವುದಿಲ್ಲ. ಮನೆಯನ್ನು ಕಣ್ಣಿನಿಂದಲೇ ಪರೀಕ್ಷಿಸುತ್ತಿದ್ದೆ. ನಾವು ಮುಚ್ಚಿಟ್ಟಿದ್ದ ಕಾಲದಲ್ಲಿ ಸೋರುತ್ತಿದ್ದ ಬಚ್ಚಲ ಗೋಡೆ ಒಣಗಿತ್ತು. ಕಿರುಗುಟ್ಟುತ್ತಿದ್ದ ಕಿಟಕಿ ಸದ್ದಿಲ್ಲದೆ ತೆರೆಯುತ್ತಿತ್ತು. ತಪ್ಪು ಹುಡುಕಲು ಹೊರಟವಳಿಗೆ ಏನೂ ಸಿಗಲಿಲ್ಲ, ಅದರಿಂದ ಸಿಟ್ಟು ಹೆಚ್ಚಾಯಿತು. ಚೆಂಬೂರಿನಿಂದ ಮ್ಯಾನೇಜರ್ ಫೋನ್ ಮಾಡಿ, "ಮೇಡಮ್, ಆಪ್ ಕಾ ಸಾಮಾನ್ ಅಭೀ ಭೀ ಅಂದರ್ ಹೈ" ಎಂದು ನೆನಪಿಸುತ್ತಿದ್ದ. ನನ್ನ ಮಂಚ, ಕಪಾಟು, ಪಾತ್ರೆಗಳೆಲ್ಲ ಅಲ್ಲಿ. ಬಾಗಿಲು ಕೀಳುವವರು ಕೆಳಗೆ ಕಾಯುತ್ತಿದ್ದರು.

ಅಷ್ಟಮಿಯ ಮಧ್ಯಾಹ್ನ ಅಣ್ಣನ ಮಗ ಬಂದ. ಅವನ ಹತ್ತಿರ ಕೀಲಿಯಿತ್ತು, ಬೆಲ್ ಒತ್ತದೆ ಒಳಗೆ ಬಂದ. ನಲವತ್ತರ ಆಸುಪಾಸು, ಕೊರಳಲ್ಲಿ ಆಫೀಸಿನ ಕಾರ್ಡು. ಗೊಂಬೆಗಳ ಕಡೆ ನೋಡಲೂ ಇಲ್ಲ.

"ಆಂಟಿ, ಆಪ್ ಐಸೇ ಘುಸ್ ನಹೀ ಸಕ್ತೇ. ಇದು ಕ್ರಿಮಿನಲ್ ಕೇಸ್ ಆಗ್ತದೆ, ಮಾಲೂಮ್?"

"ಇದು ನನ್ನ ಮನೆಯಪ್ಪ."

"ಪೇಪರ್ ಮೇಲೆ ನಿಮ್ದು. ಪೊಸೆಷನ್ ಅತ್ತೆದು. ಇಷ್ಟು ವರ್ಷ ಆಯ್ತು, ಲೈಟ್ ಬಿಲ್ ಅವರು ಭರಿಸ್ತಾರೆ, ಸೊಸೈಟಿದು ಅವರು ಭರಿಸ್ತಾರೆ. ನಾನು ಕೇಳಿದ್ದೀನಿ. ಇನ್ನು ಸ್ವಲ್ಪ ವರ್ಷ ಕೂತ್ರೆ ಮನೆನೇ ಅತ್ತೆದು." ಅವನು ಅತ್ತೆಯ ಕಡೆ ತಿರುಗಿದ. "ಅತ್ತೆ, ನೀನು ಯಾಕೆ ದರವಾಜಾ ಖೋಲಿದೆ? ನಾನು ಬೋಲಿದ್ದೆ ತಾನೆ, ಯಾರಿಗೂ ಖೋಲಬೇಡ ಅಂತ?"

"ಗೊಂಬೆ ಕೂರಿಸಿದ್ದೀನಿ ಕಣೋ" ಎಂದರು ಟೀಚರ್. ಅಷ್ಟೇ. ಅವನಿಗೆ ಅದು ಕಾರಣ ಎಂದೇ ಅನಿಸಲಿಲ್ಲ.

ಅವನು ನನ್ನ ಸೂಟ್‌ಕೇಸ್ ಎತ್ತಿಕೊಂಡ. ನಾನು ಎದ್ದು ಅದರ ಹಿಡಿಕೆ ಹಿಡಿದೆ. ಎಪ್ಪತ್ತು ದಾಟಿದ ನಾನು ಒಂದು ಕಡೆ, ಅವನು ಇನ್ನೊಂದು ಕಡೆ. ನನ್ನ ಬೆರಳುಗಳು ಸಡಿಲವಾಗುತ್ತಿರುವುದು ನನಗೆ ಗೊತ್ತಾಗುತ್ತಿತ್ತು. ಆಗ ತೆರೆದೇ ಇದ್ದ ಬಾಗಿಲಲ್ಲಿ ಗುಜರಾತಿ ಅಜ್ಜಿ ಮತ್ತೆ ಬಂದರು, ಈ ಸಲ ಬಿಲ್ಡಿಂಗಿನ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು. ನಮ್ಮ ನಡುವಿನ ಸೂಟ್‌ಕೇಸ್ ನೋಡಿ ಮೂವರೂ ಹೊಸಿಲಲ್ಲೇ ನಿಂತರು.

"ಕ್ಯಾ ಹುವಾ ಟೀಚರ್‌ಜೀ? ಯೇ ಬೆನ್ ಕೌನ್ ಹೈ?"

ಅಣ್ಣನ ಮಗ ಬಾಯಿ ತೆರೆದ. ಟೀಚರ್ ಕೈಯೆತ್ತಿ ತಡೆದರು. ಗದ್ದಲದ ಕ್ಲಾಸನ್ನು ಅವರು ಹಾಗೆಯೇ ಸುಮ್ಮನಾಗಿಸುತ್ತಿದ್ದಿರಬೇಕು. ಆರತಿ ತಟ್ಟೆ ಇನ್ನೊಂದು ಕೈಯಲ್ಲಿತ್ತು. ಅವರು ಒಮ್ಮೆ ರಾಜ ರಾಣಿಯ ಕಡೆ ನೋಡಿದರು. ಅವರು ಏನು ಹೇಳುತ್ತಾರೋ ಅದನ್ನು ಮೂರು ಮನೆಯವರು ಕೇಳಿಸಿಕೊಳ್ಳುತ್ತಾರೆ. ನೆಂಟರು ಎಂದರೆ ನಾನು ನೆಂಟಳಾಗುತ್ತಿದ್ದೆ, ಯಾರೋ ನುಗ್ಗಿದ್ದಾರೆ ಎಂದರೆ ಆ ಹೆಂಗಸರೇ ವಾಚ್‌ಮನ್‌ನನ್ನು ಕರೆಯುತ್ತಿದ್ದರು.

"ಘರ್ ಇನ್ ಕಾ ಹೈ" ಎಂದರು ಟೀಚರ್. "ಮೈ ಸಿರ್ಫ್ ಬೈಠೀ ಹೂಂ."

ಮನೆ ಇವರದು, ನಾನು ಬರೀ ಕೂತಿದ್ದೇನೆ. ಮೇಷ್ಟರ ಹಿಂದಿ, ಒಂದೊಂದು ಅಕ್ಷರವೂ ಸ್ಪಷ್ಟ. ಅಣ್ಣನ ಮಗನ ಕೈ ಸೂಟ್‌ಕೇಸ್ ಬಿಟ್ಟಿತು. ಆ ಭಾರಕ್ಕೆ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ.

"ಅತ್ತೆ, ಪಾಗಲ್ ಹೋ ಗಯೀ ಹೋ?"

"ತಿಂಡಿ ತಿಂದು ಹೋಗೋ" ಎಂದು 'ಹೋಗೋ' ಒತ್ತಿ ಹೇಳಿದರು. ಅವನು ತಿನ್ನದೆ ಹೋದ.

ಹೆಂಗಸರು ಹೋದ ಮೇಲೆ ಟೀಚರ್ ಅಡುಗೆಮನೆಯ ಹೊಸಿಲಲ್ಲಿ ಕೂತುಬಿಟ್ಟರು. ನಾನು ನಾಡಿ ನೋಡಿದೆ, ಓಡುತ್ತಿತ್ತು. ನೀರು ಕೊಟ್ಟೆ.

"ಅವನು ಕೆಟ್ಟವನಲ್ಲ ಸಿಸ್ಟರ್. ಅವನ ಮನೆಯಲ್ಲಿ ನನಗೆ ಹಾಲ್‌ನಲ್ಲಿ ಜಾಗ. ನಾನು ಹಾಸಿಗೆ ಬಿಚ್ಚಬೇಕಾದ್ರೆ ಎಲ್ಲರೂ ಟೀವಿ ಆಫ್ ಮಾಡೋವರೆಗೂ ಕಾಯಬೇಕು. ಬೆಳಿಗ್ಗೆ ಅವರು ಏಳೋ ಮೊದಲು ಸುತ್ತಿಡಬೇಕು. ಅವನ ಹೆಂಡ್ತಿ ಒಂದು ಮಾತೂ ಅನ್ನಲ್ಲ. ಅಂದ್ರೆ ಚೆನ್ನಾಗಿತ್ತು." ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಇಲ್ಲಿ ನನ್ನ ಹಾಸಿಗೆ ಹಗಲೂ ಹಾಸೇ ಇರ್ತಿತ್ತು. ನನಗೆ ಅಷ್ಟೇ ಬೇಕಾಗಿದ್ದು."

'ಇರಿ' ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದದ್ದು ನಿಜ. ಹೇಳಲಿಲ್ಲ. ಇದೇ ನಾಲಿಗೆ ಒಮ್ಮೆ ಪಾಯಸದ ಮುಂದೆ ಹೇಳಿತ್ತು. ಒಂದು ರೂಮಿನಲ್ಲಿ ಇಬ್ಬರು ಮುದುಕಿಯರು ಎಷ್ಟು ದಿನ ದೊಡ್ಡಪತ್ರೆಗೆ ನಗುತ್ತಾರೆ? ನನಗೂ ಹಾಸೇ ಇರುವ ಹಾಸಿಗೆ ಬೇಕಿತ್ತು.

ವಿಜಯದಶಮಿಯ ಸಂಜೆ ಆರತಿ ಎತ್ತಿ, ರಾಜ ರಾಣಿಯನ್ನು ಮೆಟ್ಟಿಲ ಮೇಲೆ ಮೆಲ್ಲಗೆ ಮಲಗಿಸಿದರು. ಮಾರನೆಯ ಬೆಳಿಗ್ಗೆ ನಾನು ಏಳುವ ಮೊದಲೇ ಎದ್ದು ಗೊಂಬೆಗಳನ್ನು ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತುತ್ತಿದ್ದರು. ಅವರ ಬಟ್ಟೆಬರೆ ಎರಡು ಚೀಲಕ್ಕೆ ಹಿಡಿದಿತ್ತು. ಬೆಳಕು ಹರಿದ ಮೇಲೆ, ನಾನು ಕೇಳದೆಯೇ, ಮನೆಯನ್ನು ಒಪ್ಪಿಸತೊಡಗಿದರು. ಈ ನಲ್ಲಿಯನ್ನು ಪೂರ್ತಿ ತಿರುಗಿಸಬೇಡಿ, ವಾಷರ್ ಹೋಗುತ್ತೆ. ಹಾಲಿನವನಿಗೆ ಎರಡು ಸಲ ಹೇಳಬೇಕು. ಬಚ್ಚಲ ಗೋಡೆ ಮತ್ತೆ ಸೋರಿದರೆ ಮೇಲಿನ ಮನೆಯವರನ್ನು ಬೈಯಬೇಡಿ, ಟೆರೇಸಿನ ಪೈಪು ನೋಡಿಸಿ. ನಾನು ಅವರ ಹಿಂದೆ ಹಿಂದೆ ಹೋಗಿ ಒಂದೊಂದರ ಮುಂದೂ ನಿಂತು "ಹೂಂ" ಎಂದೆ. ಇಷ್ಟು ಶುದ್ಧವಾಗಿ ಚಾರ್ಜ್ ಕೊಟ್ಟವರು ನನ್ನ ವಾರ್ಡಿನಲ್ಲೂ ಕಡಿಮೆ.

ಕೊನೆಗೆ ಉಳಿದದ್ದು ಗೊಂಬೆಗಳ ತಗಡಿನ ಟ್ರಂಕು. ಇಬ್ಬರು ಎತ್ತಬೇಕಾದಷ್ಟು ಭಾರ. ಹಾಲ್‌ನಲ್ಲಿ ಹಾಸಿಗೆಗೇ ಜಾಗವಿಲ್ಲದ ಮನೆಗೆ ಅದು ಹೋಗುವಂತಿರಲಿಲ್ಲ. ಅವರು ಅದರ ಮುಂದೆ ನಿಂತರು, ಕೇಳಲಿಲ್ಲ. ವಕೀಲರು ಫೋನಿನಲ್ಲಿ ಎಚ್ಚರಿಸಿದ್ದರು: ಒಂದು ಚಮಚನೂ ಒಳಗ ಉಳೀಬಾರದ್ರಿ, ಸಾಮಾನು ಇದ್ದಲ್ಲಿ ಹಕ್ಕು ಇರ್ತದ.

"ಲಾಫ್ಟಿನ ಮೇಲೆ ಇಡೋಣ" ಎಂದೆ. "ಆದರೆ ಈ ಸಲ ಕಾಗದ ಬರೀಬೇಕು."

"ನಾನೂ ಅದನ್ನೇ ಹೇಳೋಣ ಅಂತಿದ್ದೆ" ಎಂದರು ಟೀಚರ್. "ಬರೀರಿ. ಗೊಂಬೆ ನನ್ನವು, ನಿಮಗೆ ಸುಮ್ಮನೆ ನೋಡಿಕೊಳ್ಳೋಕೆ ಕೊಟ್ಟಿದ್ದು ಅಂತ. ನಾಳೆ ನೀವು ಇಷ್ಟು ವರ್ಷ ಲಾಫ್ಟಲ್ಲಿ ಕೂತಿದ್ವು, ನನ್ನವೇ ಆದ್ವು ಅಂದ್ರೆ?"

ನಾನು ಬರೆದೆ, ಅವರು ಎರಡು ಕಡೆ ತಿದ್ದಿದರು, ಇಬ್ಬರೂ ಸಹಿ ಹಾಕಿದೆವು. ಹೊಸ ಬೀಗದ ಕೀಲಿ ನನ್ನ ಅಂಗೈಯಲ್ಲಿಟ್ಟು, "ಇನ್ನೊಂದು ಅವನ ಹತ್ರಾನೇ ಇದೆ, ಬೀಗ ಬದಲಾಯಿಸಿಬಿಡಿ" ಎಂದರು. ರಿಕ್ಷಾ ಹತ್ತುವಾಗ ಮೇಲೆ ನೋಡಲಿಲ್ಲ. ಅವರ ಕುಂಡ ಕಿಟಕಿಯಲ್ಲೇ ಇತ್ತು.

ಅದೇ ಸಂಜೆಯೊಳಗೆ ಟೆಂಪೋದಲ್ಲಿ ಚೆಂಬೂರಿನ ಸಾಮಾನು ತಂದೆ. ಕೊನೆಯ ಪಾತ್ರೆ ಕೆಳಗಿಳಿಯುವಷ್ಟರಲ್ಲಿ ನನ್ನ ಬಾಗಿಲನ್ನು ಕಿತ್ತಾಗಿತ್ತು. ಮ್ಯಾನೇಜರ್, "ಥ್ಯಾಂಕ್ಯೂ ಮೇಡಮ್, ಟೈಮ್ ಪೇ ಹೋ ಗಯಾ" ಎಂದ. ಸ್ಕ್ವಾಟರ್ ಆಗುವುದರಿಂದ ನಾನು ಒಂದು ಸಂಜೆಯ ಅಂತರದಲ್ಲಿ ತಪ್ಪಿಸಿಕೊಂಡಿದ್ದೆ.

ಈಗ ಮತ್ತೆ ಭಾದ್ರಪದ ಮುಗಿಯುತ್ತ ಬಂದಿದೆ. ನಿನ್ನೆ ಟೀಚರ್ ಫೋನ್ ಬಂತು.

"ಪಾಡ್ಯದ ದಿನ ಬರ್ತೀನಿ ಸಿಸ್ಟರ್. ಗೊಂಬೆ ಕೂರಿಸೋಕೆ. ಕೂರಿಸಿದ ಮೇಲೆ ದಿನಾ ಎರಡು ಹೊತ್ತು ಆರತಿ ಆಗಬೇಕು, ವಿಕ್ರೋಳಿಯಿಂದ ಓಡಾಡೋದು ಕಷ್ಟ."

"ಬನ್ನಿ" ಎಂದೆ. ಬೇರೇನು ಹೇಳಲಿ? ಗೊಂಬೆ ಕೂರುವ ಮನೆ.

ಚಾಪೆಯನ್ನು ಒಗೆದು ಬಿಸಿಲಿಗೆ ಹಾಕಿದ್ದೇನೆ. ಆಮೇಲೆ ಬದಲಾಯಿಸಿದ ಬೀಗಕ್ಕೆ ಅವರಿಗೆಂದು ಇನ್ನೊಂದು ಕೀಲಿ ಮಾಡಿಸಿಲ್ಲ. ಪಾಡ್ಯದ ಬೆಳಿಗ್ಗೆ ಕಿಟಕಿಯಲ್ಲಿ ನಿಂತಿರುತ್ತೇನೆ. ರಿಕ್ಷಾದಿಂದ ಅವರು ಇಳಿಯುವಾಗ ಕೈಯಲ್ಲಿ ಎಷ್ಟು ದೊಡ್ಡ ಚೀಲವಿದೆ ಎಂದು ಮೇಲಿನಿಂದಲೇ ನೋಡಬೇಕು.